ಪಾಳುಬಿದ್ದ ತೋಟದ ಸಸ್ಯಗಳನ್ನು ಗುರುತಿಸುವ ಬಗೆ: ಬಸವಕಲ್ಯಾಣ–ಹುಮನಾಬಾದ ಪರಿಸರದ ಒಂದು ವಿಚಾರ

ಶಾಸನವನ್ನು ಓದಹೊರಟವನು ಮೊದಲು ಕಲ್ಲಿನ ಮೇಲಣ ಪಾಚಿಯನ್ನು ತೆಗೆಯುತ್ತಾನೆ. ಆದರೆ ಪಾಚಿಯೊಡನೆ ಅಕ್ಷರವೂ ಉದುರಿಹೋಗದಂತೆ ಎಚ್ಚರವಹಿಸುತ್ತಾನೆ. ಬಹುಕಾಲ ಪಾಳುಬಿದ್ದ ತೋಟವನ್ನು ಹೊಸದಾಗಿ ಕೊಂಡವರಿಗೂ ಇದೇ ಬಗೆಯ ಎಚ್ಚರ ಅವಶ್ಯಕವೆಂಬುದನ್ನು ನಾವು ಸ್ವಾನುಭವದಿಂದ, ಅದೂ ಒಂದು ತಪ್ಪಿನ ಮೂಲಕ, ಅರಿತೆವು. ಆ ಅನುಭವವನ್ನು ಆಧಾರವಾಗಿಟ್ಟುಕೊಂಡು ಅಪರಿಚಿತ ಸಸ್ಯಗಳನ್ನು ಗುರುತಿಸುವ ಕ್ರಮವನ್ನು ವಿವರಿಸುವುದೂ, ಇತಿಹಾಸದ ವಿದ್ಯಾರ್ಥಿಗೆ ಅದರಿಂದ ದೊರೆಯುವ ಪ್ರಯೋಜನವನ್ನು ಸೂಚಿಸುವುದೂ ಪ್ರಕೃತ ಲೇಖನದ ಉದ್ದೇಶ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯ ಕಡೆಯಲ್ಲಿ ನಮ್ಮ ಪರಿಚಯದ ಕುಟುಂಬವೊಂದು ಹಳೆಯ ತೋಟವನ್ನು ಕೊಂಡಿತು. ಕುಸಿದ ಕಲ್ಲಿನ ಗೋಡೆ, ಹೂಳು ತುಂಬಿದ ಬಾವಿ, ಬಾವಿಯಿಂದ ಹೊರಟ ಕಾಲುವೆಯ ಕುರುಹು, ಉಳಿದುದೆಲ್ಲ ಒಂದರೊಳಗೊಂದು ಹೆಣೆದುಕೊಂಡ ಗಿಡ, ಮುಳ್ಳು, ಬಳ್ಳಿ. ಮಳೆಗಾಲಕ್ಕೆ ಮುಂಚೆಯೇ ಜೆಸಿಬಿ ತರಿಸಿ ನೆಲವನ್ನು ಹಸನುಮಾಡಬೇಕೆಂಬುದು ಕೊಂಡವರ ಆಲೋಚನೆ. ಸುತ್ತಲಿನ ಜನರಾದರೋ ಅದನ್ನು ರಾಜರ ಕಾಲದ ತೋಟವೆಂದು ಹೇಳುತ್ತಿದ್ದರು. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು, ಜನರ ಮಾತಿನಲ್ಲಿ ಸತ್ಯವೆಷ್ಟು ಎಂಬ ಪ್ರಶ್ನೆಗಳು ಹೀಗೆ ನಮ್ಮ ಮುಂದೆ ಬಂದುವು. ವಿದ್ಯಾರ್ಥಿಗಳನ್ನು ಕೂಡಿಕೊಂಡು ನಾವು ಮೊದಲ ದಿನವೇ ಒಂದು ಪಟ್ಟಿಯನ್ನು ಸಿದ್ಧಪಡಿಸಿದೆವು. ಆ ಪಟ್ಟಿಯ ಅವಸರವೇ ನಮ್ಮ ತಪ್ಪಿಗೆ ಕಾರಣವಾಯಿತು.

1. ಬನ್ನಿಯೋ, ಜಾಲಿಯೋ?

ಬಾವಿಯ ಪಡುವಣ ದಿಕ್ಕಿನಲ್ಲಿ ಮುಳ್ಳಿನ ಮರಗಳ ಒಂದು ಗುಂಪಿತ್ತು. ಸಣ್ಣ ಸಣ್ಣ ಎಲೆ, ಹಳದಿಯ ತೆನೆಯಂಥ ಹೂ. ದೂರದಿಂದಲೇ ನೋಡಿ ಅವೆಲ್ಲವನ್ನೂ ‘ಬಳ್ಳಾರಿ ಜಾಲಿ’ ಎಂದು ಬರೆದು, ಕಡಿಯತಕ್ಕವುಗಳ ಸಾಲಿಗೆ ಸೇರಿಸಿದೆವು. ಕಡಿಯುವ ದಿನ ಕೂಲಿಗೆ ಬಂದಿದ್ದ ಒಬ್ಬ ಹಿರಿಯ ಹೆಂಗಸು ಒಂದು ಮರದ ಮುಂದೆ ನಿಂತು, “ಇದು ಬನ್ನಿ ಅದ ರೀ ಸರ. ಇದಕ್ಕ ಕೊಡ್ಲಿ ಹಚ್ಚಬಾರ್ದು” ಎಂದರು. ಅಷ್ಟರಲ್ಲಿ ಕೊಡಲಿಯ ಎರಡು ಏಟು ಬಿದ್ದಾಗಿತ್ತು. ನಾವು ಹತ್ತಿರ ಹೋಗಿ ಒಂದು ಕೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ ಆಕೆಯ ಮಾತು ಸರಿಯೆಂದು ತಿಳಿಯಿತು.

ಈ ಎರಡು ಮರಗಳು ಹತ್ತಿರದ ನಂಟರು. ಬನ್ನಿಯ ಶಾಸ್ತ್ರೀಯ ನಾಮ ಪ್ರೊಸೋಪಿಸ್ ಸಿನರೇರಿಯ. ಬಳ್ಳಾರಿ ಜಾಲಿಯನ್ನು ಬಹುಕಾಲದಿಂದ ಪ್ರೊಸೋಪಿಸ್ ಜೂಲಿಫ್ಲೋರ ಎಂದೇ ಕರೆಯುತ್ತಿದ್ದರು. 2022ರಲ್ಲಿ ಆದ ಪುನರ್ವಿಂಗಡಣೆಯ ಪ್ರಕಾರ ಅದನ್ನು ನೆಲ್ಟೂಮ ಎಂಬ ಬೇರೆ ಜಾತಿಗೆ ಸೇರಿಸಲಾಗಿದೆ. ಹೂವಿನಿಂದ ಇವೆರಡನ್ನು ಬೇರ್ಪಡಿಸುವುದು ಹೊಸಬರಿಗೆ ಕಷ್ಟ, ಮುಳ್ಳಿನಿಂದ ಸುಲಭ. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ, ಸಾಮಾನ್ಯವಾಗಿ ಜೋಡಿಯಾಗಿ, ಉದ್ದಕ್ಕೆ ಚಾಚಿರುತ್ತದೆ. ಬನ್ನಿಯ ಮುಳ್ಳು ಗಿಡ್ಡ, ಬುಡದಲ್ಲಿ ಅಗಲ; ಅದು ಗೆಣ್ಣು ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿಕೊಂಡಿರುತ್ತದೆ. ಜಾಲಿಯ ಕಾಯಿ ದಪ್ಪ, ಚಪ್ಪಟೆ, ಮಾಗಿದಾಗ ಹಳದಿ. ಬನ್ನಿಯ ಕಾಯಿ ತೆಳ್ಳಗೆ ನೀಳವಾಗಿ ಜೋಲಾಡುತ್ತದೆ. ಬಳ್ಳಾರಿ ಜಾಲಿಯು ಅಮೆರಿಕ ಖಂಡದ್ದು. 1877ರ ಸುಮಾರಿಗೆ ಕಡಪೆಯ ಸೀಮೆಯಲ್ಲಿ ನೆಡಲ್ಪಟ್ಟು, ಬಳಿಕ ದಕ್ಷಿಣದ ಒಣನೆಲದಲ್ಲೆಲ್ಲ ಹಬ್ಬಿತು. ಬನ್ನಿಯಾದರೋ ಈ ನಾಡಿನದೇ ಮರ. ಶಮೀವೃಕ್ಷವೆಂದು ವಿಜಯದಶಮಿಯ ದಿನ ಪೂಜೆಗೊಳ್ಳುವಂಥದು. ಒಂದು ಕೊಂಬೆಯ ಮುಳ್ಳನ್ನು ನೋಡದೆ ಇದ್ದುದರಿಂದ ನಾವು ಎರಡನ್ನೂ ಒಂದೇ ಎಂದು ಬರೆದಿದ್ದೆವು.

ಈ ಪ್ರಸಂಗದಿಂದ ವ್ಯಕ್ತಪಡುವ ಮೊದಲ ನಿಯಮವೇನೆಂದರೆ, ಗುಂಪನ್ನು ನೋಡಿ ಹೆಸರಿಡಬಾರದು. ಒಂದೊಂದು ಮರಕ್ಕೂ ಒಂದೊಂದು ಸಂಖ್ಯೆ ಕೊಟ್ಟು, ಒಂದೊಂದನ್ನೂ ಕೈಮುಟ್ಟಿ ನೋಡಿದ ಮೇಲೆಯೇ ಪಟ್ಟಿಗೆ ಸೇರಿಸಬೇಕು. ಆ ದಿನವೇ ಕೊಂಡವರನ್ನು ಒಪ್ಪಿಸಿ, ಒಂದು ವರ್ಷ ಪೂರ್ತಿ ಕಡಿಯುವ ಕೆಲಸವನ್ನು ನಿಲ್ಲಿಸಿದೆವು.

2. ಹೆಸರಿನ ತೊಡಕು

ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕು ಭಾಷೆಗಳೂ ಬಳಕೆಯಲ್ಲಿವೆ. ಆದ್ದರಿಂದ ಒಂದೇ ಗಿಡಕ್ಕೆ ಮೂರು ನಾಲ್ಕು ಹೆಸರು ಕೇಳಿಬರುವುದು ಸಹಜ. ನಾವು ಲಕ್ಕಿ ಎನ್ನುವುದನ್ನು ಮರಾಠಿ ಮಾತಾಡುವವರು ನಿರ್ಗುಡಿ ಎಂದೂ ತೆಲುಗರು ವಾವಿಲಿ ಎಂದೂ ಹೇಳುತ್ತಾರೆ. ಅಮೃತಬಳ್ಳಿಯೇ ಗುಳವೇಲ, ಅದೇ ತಿಪ್ಪತೀಗ. ತಂಗಡಿಯೇ ತರವಡ, ಅದೇ ತಂಗೇಡು. ಹೆಸರುಗಳನ್ನು ಎಣಿಸಿ ಗಿಡಗಳನ್ನು ಲೆಕ್ಕಹಾಕಿದರೆ ತೋಟದಲ್ಲಿರುವುದಕ್ಕಿಂತ ಮೂರುಪಟ್ಟು ಸಸ್ಯಗಳು ಪಟ್ಟಿಯಲ್ಲಿ ಕಾಣಿಸಿಕೊಂಡಾವು.

ಇದಕ್ಕೆ ವಿಪರೀತವಾದ ತೊಡಕೂ ಉಂಟು: ಒಂದೇ ಹೆಸರಿನಲ್ಲಿ ಹಲವು ಗಿಡಗಳಿರುವುದು. ಶಾಲೆಕಾಲೇಜುಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನು ಅಶೋಕವೆಂದೇ ಎಲ್ಲರೂ ಕರೆಯುತ್ತಾರೆ. ಆದರೆ ಕಾವ್ಯಗಳ ಅಶೋಕವು ಕೆಂಪು ಹೂಗೊಂಚಲಿನ ಬೇರೊಂದು ಮರ. ವಿಜಯದಶಮಿಯಂದು ನಮ್ಮಲ್ಲಿ ‘ಬಂಗಾರ’ವೆಂದು ಬನ್ನಿಯ ಎಲೆಯನ್ನು ಹಂಚಿದರೆ, ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಬಹುಮಟ್ಟಿಗೆ ಆಪಟೆಯ ಎಲೆಯನ್ನು ಹಂಚುತ್ತಾರೆ. ಆಪಟೆಯ ಎಲೆ ತುದಿಯಲ್ಲಿ ಸೀಳಿ ಎರಡು ಹಾಳೆಯಂತಿರುವುದರಿಂದ ಅದಕ್ಕೂ ಬನ್ನಿಗೂ ಹೋಲಿಕೆಯೇ ಇಲ್ಲ. ಆಚರಣೆಯೊಂದೇ ಆದರೂ ಮರ ಒಂದೇ ಅಲ್ಲ.

ಹಾಗೆಂದು ಜನರ ಹೆಸರುಗಳನ್ನು ಅಲಕ್ಷಿಸುವುದು ತರವಲ್ಲ. ಕಣಗಿಲೆ, ದೇವಕಣಗಿಲೆ, ಹಳದಿ ಕಣಗಿಲೆ ಎಂಬ ಮೂರು ಹೆಸರುಗಳನ್ನು ನೋಡಿರಿ. ಇವು ಮೂರು ಬೇರೆ ಬೇರೆ ಸಸ್ಯಗಳು. ಮೊದಲನೆಯದು ನಮ್ಮಲ್ಲಿ ಪುರಾತನವಾದುದು, ಉಳಿದೆರಡೂ ಅಮೆರಿಕದಿಂದ ಬಂದವು. ಆದರೂ ಸಸ್ಯಶಾಸ್ತ್ರಜ್ಞರು ಈ ಮೂರನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಹೊರಗಿನಿಂದ ಬಂದ ಗಿಡಕ್ಕೆ ಹೆಸರಿಡುವಾಗ ನಮ್ಮ ಹಳ್ಳಿಗರು ಹೂವಿನ ಮಾಟವನ್ನು ನೋಡಿ ಅದರ ಬಂಧುವನ್ನು ಸರಿಯಾಗಿಯೇ ಊಹಿಸಿದರೆಂದು ಹೇಳಬಹುದು. ಆದಕಾರಣ ಹೇಳಿದ ಹೆಸರನ್ನು ಹೇಳಿದಂತೆಯೇ, ಯಾರು ಯಾವ ಭಾಷೆಯಲ್ಲಿ ಹೇಳಿದರೆಂಬುದರೊಡನೆ, ಬರೆದಿಟ್ಟುಕೊಳ್ಳುವುದು ಎರಡನೆಯ ನಿಯಮ. 1753ರಲ್ಲಿ ಲಿನೇಯಸನು ನೆಲೆಗೊಳಿಸಿದ ಎರಡು ಪದಗಳ ನಾಮಕರಣಪದ್ಧತಿಯು ಈ ಹೆಸರುಗಳನ್ನೆಲ್ಲ ಒಂದೆಡೆ ಕೂಡಿಸುವ ಸಾಧನವೇ ಹೊರತು ಅವುಗಳನ್ನು ಅಳಿಸುವ ಸಾಧನವಲ್ಲ.

3. ಲಕ್ಷಣಗಳು ಮತ್ತು ಋತುಚರ್ಯೆ

ಸಸ್ಯವನ್ನು ಗುರುತಿಸುವುದರಲ್ಲಿ ಕೆಲವು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು. ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೊಂದು ಬದಲುಬದಲಾಗಿವೆಯೋ? ಎಲೆ ಒಂಟಿಯೋ, ಹಲವು ಕಿರುಎಲೆಗಳು ಸೇರಿ ಆದದ್ದೋ? ಈ ಎರಡನೆಯ ಪ್ರಶ್ನೆಯಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪುತ್ತಾರೆ. ಮೊಗ್ಗು ಅಥವಾ ಚಿಗುರು ಎಲೆಯ ಕಂಕುಳಲ್ಲಿ ಮಾತ್ರ ಹುಟ್ಟುತ್ತದೆ, ಕಿರುಎಲೆಯ ಕಂಕುಳಲ್ಲಿ ಹುಟ್ಟುವುದಿಲ್ಲ ಎಂಬುದನ್ನು ನೆನಪಿಟ್ಟರೆ ಬೇವಿನ ಒಂದು ಕಡ್ಡಿಯೆಲ್ಲವೂ ಒಂದೇ ಎಲೆಯೆಂಬುದು ಸ್ಪಷ್ಟವಾಗುತ್ತದೆ. ಮುಂದೆ, ಮುರಿದರೆ ಹಾಲು ಬರುವುದೋ? ಕಾಂಡ ಚೌಕವೋ, ಗುಂಡೋ? ಉಜ್ಜಿದರೆ ವಾಸನೆ ಇದೆಯೋ? ಕಾಂಡ ಚೌಕವಾಗಿದ್ದು, ಎಲೆ ಎದುರುಬದುರಾಗಿದ್ದು, ವಾಸನೆಯೂ ಇದ್ದರೆ ಅದು ತುಳಸಿಯ ಕುಟುಂಬವೆಂದು ಶಂಕಿಸಬಹುದು. ದಾಸವಾಳದಂತೆ ಕೇಸರಗಳೆಲ್ಲ ಒಂದು ಕೊಳವೆಯಾಗಿ ಕೂಡಿಕೊಂಡಿದ್ದರೆ ಅದು ಹತ್ತಿಯ ಕುಟುಂಬ. ಹೀಗೆ ಮೊದಲು ಕುಟುಂಬವನ್ನು ತಿಳಿದು ಆಮೇಲೆ ವ್ಯಕ್ತಿಯನ್ನು ತಿಳಿಯುವುದು ಲೋಕರೂಢಿಯೇ ಆಗಿದೆ.

ಹೂವೂ ಕಾಯಿಯೂ ಇಲ್ಲದೆ ನಿರ್ಣಯ ಪೂರ್ಣವಾಗದು. ಅವು ಎಲ್ಲ ಕಾಲದಲ್ಲೂ ದೊರೆಯವು. ಆದ್ದರಿಂದಲೇ ಒಂದು ವರ್ಷ ಕಾಯಬೇಕೆಂದು ನಾವು ಹೇಳುವುದು. ಫಾಲ್ಗುಣದಲ್ಲಿ ಎಲೆಯುದುರಿಸಿ ಒಣಗಿದಂತೆ ನಿಂತಿದ್ದ ಮರವೊಂದು ಕೆಲವೇ ದಿನಗಳಲ್ಲಿ ಕೆಂಪು ಹೂ ತಳೆದು ತಾನು ಮುತ್ತುಗವೆಂದು ತಿಳಿಸಿತು. ಯುಗಾದಿಯ ಸುಮಾರಿಗೆ ಬೇವು ಹೂಬಿಟ್ಟಿತು. ವೈಶಾಖದ ಬಿಸಿಲಿನಲ್ಲಿ ಕಕ್ಕೆಯ ಹಳದಿ ಗೊಂಚಲು ಇಳಿಬಿದ್ದಿತು. ಬೇಸಗೆಯಲ್ಲಿ ಬರಿಯ ನೆಲವಾಗಿದ್ದ ಕಡೆ ಮಳೆ ಬಿದ್ದ ಮೇಲೆ ಬಳ್ಳಿಯೊಂದು ಎದ್ದು, ಎಲೆಯ ತುದಿಯನ್ನೇ ಕೈಯಂತೆ ಸುರುಳಿಮಾಡಿ ಬೇಲಿಯನ್ನು ಹಿಡಿದು, ಭಾದ್ರಪದದಲ್ಲಿ ಬೆಂಕಿಯ ನಾಲಗೆಯಂಥ ಹೂ ಬಿಟ್ಟಿತು. ಅದು ಗೌರಿಹೂ, ಎಂದರೆ ಅಗ್ನಿಶಿಖೆ. ಅದರ ಗೆಡ್ಡೆ ವರ್ಷದ ಬಹುಭಾಗ ನೆಲದೊಳಗೇ ಇರುತ್ತದೆ. ಮೇ ತಿಂಗಳಲ್ಲೇ ಜೆಸಿಬಿ ಬಂದಿದ್ದರೆ ಅದು ಅಲ್ಲಿತ್ತೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ನೆಲದ ಗುಣವೂ ಗಮನಾರ್ಹ. ಹುಮನಾಬಾದಿನ ಕಡೆ ಕೆಂಪು ಜಂಬಿಟ್ಟಿಗೆಯ ನೆಲ ಕಾಣುತ್ತದೆ. ಬಸವಕಲ್ಯಾಣದ ಕಡೆ ಕರಿಯ ಎರೆಮಣ್ಣು ಹೆಚ್ಚು. ನೀರು ಬೇಗ ಬಸಿಯುವ ಕೆಂಪು ನೆಲದಲ್ಲಿ ಸೀತಾಫಲ ತಾನಾಗಿ ಹಬ್ಬುತ್ತದೆ. ಎರೆಯಲ್ಲಿ ಬನ್ನಿಯೂ ಕರಿಜಾಲಿಯೂ ನಿಲ್ಲುತ್ತವೆ. ಯಾವ ಗಿಡ ಯಾವ ನೆಲದಲ್ಲಿ ನಿಂತಿದೆಯೆಂಬುದೂ ಪಟ್ಟಿಯಲ್ಲಿರತಕ್ಕದ್ದು.

4. ಗ್ರಂಥಾಧಾರ

ಗುರುತಿಸಿದ್ದನ್ನು ಪರೀಕ್ಷಿಸಲು ಗ್ರಂಥಗಳು ಬೇಕು. ಇಲ್ಲಿ ನಮ್ಮ ಪ್ರಾಂತ್ಯದ ಇತಿಹಾಸವೇ ಒಂದು ಅಡಚಣೆಯನ್ನು ತಂದೊಡ್ಡಿದೆ. ಹೂಕರನ ಬ್ರಿಟಿಷ್ ಇಂಡಿಯದ ಸಸ್ಯಗ್ರಂಥವು 1872ರಿಂದ 1897ರ ವರೆಗೆ ಏಳು ಸಂಪುಟಗಳಲ್ಲಿ ಬಂದಿತು. ಅನಂತರ ಮುಂಬಯಿ ಪ್ರಾಂತಕ್ಕೆ ಕುಕ್ ಎಂಬವರೂ, ಮದರಾಸು ಪ್ರಾಂತಕ್ಕೆ ಗ್ಯಾಂಬಲ್ ಎಂಬವರೂ ವಿಸ್ತಾರವಾದ ಗ್ರಂಥಗಳನ್ನು ರಚಿಸಿದರು. ಬಸವಕಲ್ಯಾಣ ಹುಮನಾಬಾದಗಳಾದರೋ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಎರಡು ಪ್ರಾಂತಗಳ ನಡುವಣ ಈ ನೆಲವು ಆ ಎರಡು ಗ್ರಂಥಗಳಲ್ಲಿ ಒಂದರ ವ್ಯಾಪ್ತಿಗೂ ಬರಲಿಲ್ಲ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಸಾಲ್ಡಾನ ಅವರ ಕರ್ನಾಟಕದ ಸಸ್ಯಗ್ರಂಥದ ಮೊದಲ ಸಂಪುಟ 1984ರಲ್ಲಿಯೂ, ನಾಯಕ ಅವರ ಮರಾಠವಾಡದ ಸಸ್ಯಗ್ರಂಥ 1998ರಲ್ಲಿಯೂ, ಗುಲ್ಬರ್ಗಾ ಜಿಲ್ಲೆಯ ಸಸ್ಯಗ್ರಂಥ ಅಲ್ಲಿನ ವಿಶ್ವವಿದ್ಯಾಲಯದಿಂದ 2000ದಲ್ಲಿಯೂ ಪ್ರಕಟವಾದುವು. ನಮ್ಮ ತೋಟಕ್ಕೆ ಈ ಕೊನೆಯ ಎರಡು, ನೆರೆಯ ನೆಲಗಳವಾದುದರಿಂದ, ಬಹಳ ಉಪಯುಕ್ತವಾದುವು.

ಈಚೆಗೆ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರು ಹೇಳುವ ಸಾಧನಗಳೂ ಬಂದಿವೆ. ಅವು ಹೇಳಿದ್ದನ್ನು ಸಾಕ್ಷಿಯ ಮೊದಲ ಮಾತೆಂದು ಕೇಳಬೇಕೇ ಹೊರತು ತೀರ್ಪೆಂದು ಒಪ್ಪಬಾರದು. ಹೂಕಾಯಿಗಳುಳ್ಳ ರೆಂಬೆಯನ್ನು ವೃತ್ತಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಭಾರ ಹೇರಿ, ದಿನಾಲು ಹಾಳೆ ಬದಲಿಸಿ ಒಣಗಿಸಿ, ಸುಮಾರು 42 ಸೆಂಟಿಮೀಟರು ಉದ್ದ, 28 ಸೆಂಟಿಮೀಟರು ಅಗಲದ ದಪ್ಪ ಕಾಗದಕ್ಕೆ ಅಂಟಿಸಿಟ್ಟ ಮಾದರಿಯೇ ನಿಜವಾದ ಆಧಾರ. ಹೆಸರು ತಪ್ಪಾಗಿದ್ದರೂ ಮಾದರಿ ಇದ್ದರೆ ಮುಂದೆ ಬಂದವರು ತಿದ್ದಬಲ್ಲರು.

5. ರಾಜರ ಕಾಲದ ತೋಟವೇ?

ಇನ್ನು ಜನರ ಮಾತನ್ನು ವಿಚಾರಿಸೋಣ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ತೋಟಗಾರಿಕೆ ಉನ್ನತಸ್ಥಿತಿಯಲ್ಲಿತ್ತೆಂಬುದಕ್ಕೆ ಸಂದೇಹವಿಲ್ಲ. ಇಮ್ಮಡಿ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡುದು ಅನಂತರದ ಮಾತು. ಅವನ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು 1130ರ ಸುಮಾರಿನದು, ಅದರಲ್ಲಿ ಅರಸನ ಉದ್ಯಾನವಿಹಾರಗಳ ಜೊತೆಗೆ ಗಿಡಮರಗಳನ್ನು ಬೆಳೆಸುವ ವಿಚಾರವೂ ಇದೆ. ದೇವಾಲಯಗಳಿಗೆ ಹೂದೋಟವನ್ನು ಮತ್ತರಿನ ಲೆಕ್ಕದಲ್ಲಿ ದತ್ತಿಬಿಟ್ಟ ಶಾಸನಗಳೂ ಆ ಕಾಲದಲ್ಲಿ ಹೇರಳ. ಆದರೆ ಇವುಗಳಿಂದ ನಮ್ಮ ಮುಂದಿರುವ ತೋಟ ಆ ಕಾಲದ್ದೆಂದು ಸಿದ್ಧವಾಗುವುದಿಲ್ಲ.

ಕಾಲನಿರ್ಣಯಕ್ಕೆ ಸಸ್ಯಗಳೇ ಸ್ವಲ್ಪ ಸಹಾಯಮಾಡುತ್ತವೆ. ಕಾಲುವೆಯ ಬದಿಯಲ್ಲಿ ಸಾಲಾಗಿ ನೆಟ್ಟ ಸೀತಾಫಲಗಳಿದ್ದುವು. ಸೀತೆಯ ಹೆಸರಿದ್ದರೂ ಇದರ ತವರು ಅಮೆರಿಕ. ಪೋರ್ಚುಗೀಸರು ಬಂದ ಮೇಲೆ ಇದು ನಮ್ಮ ನಾಡಿಗೆ ಬಂದಿತೆಂಬುದು ಬಹುಮಂದಿ ವಿದ್ವಾಂಸರ ಮತ. ದೇವಕಣಗಿಲೆಯೂ ಹಾಗೆಯೇ. ಬಾಗಿಲ ಬಳಿಯ ಗುಲ್‌ಮೊಹರು ಮಡಗಾಸ್ಕರದ ಮರ. ಅದು ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದದ್ದೇ 1820ರ ದಶಕದಲ್ಲಿ. ಗೋಡೆಯನ್ನು ಮುಚ್ಚಿದ್ದ ಲಂಟಾನವನ್ನು ಅಲಂಕಾರಕ್ಕೆಂದು 19ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದರು. ಜನರು ಕಾಂಗ್ರೆಸ್ ಹುಲ್ಲೆನ್ನುವ ಪಾರ್ಥೇನಿಯಂ ಕಳೆಯನ್ನು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಹೀಗೆ ತೋಟದಲ್ಲಿ ಪದರದ ಮೇಲೆ ಪದರ ಕಾಣುತ್ತದೆ. ಸೀತಾಫಲದ ಆ ಸಾಲನ್ನು ನೆಟ್ಟವರು 16ನೆಯ ಶತಮಾನಕ್ಕೆ ಈಚಿನವರೆಂದು ಹೇಳಬಹುದು. ಅದಕ್ಕೂ ಹಿಂದೆ ಅಲ್ಲಿ ತೋಟವಿರಲೇ ಇಲ್ಲವೆಂದು ಹೇಳಲು ಬಾರದು. ಹುಣಿಸೆಯಂಥ ಮರ ಮೂಲತಃ ಆಫ್ರಿಕದ್ದಾದರೂ ಬಹು ಪ್ರಾಚೀನಕಾಲದಲ್ಲೇ ಇಲ್ಲಿ ನೆಲಸಿದೆಯಾದುದರಿಂದ ಅದರಿಂದ ಯಾವ ಕಾಲವೂ ಗೊತ್ತಾಗದು.

ಈ ಬಗೆಯ ವಾದದಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಸೋಮನಾಥಪುರವೇ ಮೊದಲಾದ ಹೊಯ್ಸಳ ದೇವಾಲಯಗಳ ವಿಗ್ರಹಗಳ ಕೈಯಲ್ಲಿರುವುದು ಅಮೆರಿಕದ ಮೆಕ್ಕೆಜೋಳದ ತೆನೆಯೆಂದು 1989ರಲ್ಲಿ ಜೊಹಾನೆಸೆನ್ ಎಂಬ ವಿದ್ವಾಂಸರು ವಾದಿಸಿದರು. ಅದು ತೆನೆಯಲ್ಲ, ಮುತ್ತುಗಳಿಂದಾದ ಮುಕ್ತಾಫಲವೆಂದು ಪಾಯಕ್ ಮತ್ತು ಸಚನ್ ಎಂಬವರು 1993ರಲ್ಲಿ ಉತ್ತರಕೊಟ್ಟರು. ಆಕಾರದ ಹೋಲಿಕೆಯೊಂದನ್ನೇ ನಂಬಿ ಚರಿತ್ರೆಯನ್ನು ಬರೆಯಲಾಗದು. ನಾವು ಬನ್ನಿಯನ್ನು ಜಾಲಿಯೆಂದುದೂ ಇದೇ ಬಗೆಯ ದೋಷವಷ್ಟೆ.

ಸಾಲು ಇನ್ನೊಂದು ಸಾಕ್ಷಿ. ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಬೇವು, ಬಾರಿ, ಆಲಗಳು ಗೋಡೆಯ ಸಂದಿನಲ್ಲಿ, ಮರದ ಬುಡದಲ್ಲಿ ಎಲ್ಲೆಂದರಲ್ಲಿ ಇರುತ್ತವೆ. ಮನುಷ್ಯ ನೆಟ್ಟದ್ದು ಸಮಾನ ಅಂತರದಲ್ಲಿರುತ್ತದೆ. ತೋಟದ ಉತ್ತರದಲ್ಲಿ ಲಕ್ಕಿ ಮತ್ತು ಆಡುಸೋಗೆಗಳ ಒಂದು ಸಾಲು ಹರಿದುಹೋಗಿತ್ತು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಆಡುಸೋಗೆಯೊಂದು ಅಪವಾದ. ಆದುದರಿಂದಲೇ ಅದನ್ನು ಬೇಲಿಗೆ ಹಾಕುತ್ತಾರೆ. ಆ ಸಾಲನ್ನು ಹಿಡಿದು ನಡೆದಾಗ ಹಳೆಯ ಎಲ್ಲೆ ಈಗಿನ ಗೋಡೆಗಿಂತ ಒಳಗಿದ್ದುದು ಕಂಡುಬಂದಿತು. ನಿಜಾಮರ ಕಾಲದ ಉರ್ದು ಕಾಗದಪತ್ರಗಳಲ್ಲಿ ಖುಷ್ಕಿ, ತರಿ, ಬಾಗಾಯತು ಎಂದು ಭೂಮಿಯನ್ನು ವಿಂಗಡಿಸುವ ರೂಢಿಯಿತ್ತು. ಅಂಥ ಪತ್ರಗಳು ಮನೆಯವರಲ್ಲಿದ್ದರೆ ಅವನ್ನೂ ಗಿಡದ ಸಾಲುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

6. ವಿಷಸಸ್ಯಗಳು

ಗುರುತಿಸುವಿಕೆ ಕೇವಲ ಕುತೂಹಲದ ವಿಷಯವಲ್ಲವೆಂಬುದಕ್ಕೆ ಒಂದು ಮಾತು. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯ ಬಳ್ಳಿ ಆ ತೋಟದಲ್ಲಿತ್ತು. ಕೆಂಪುಕಪ್ಪು ಬೀಜ ಮಕ್ಕಳ ಕಣ್ಣಿಗೆ ಅಂದ. ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಕಣಗಿಲೆಯ ಸರ್ವಾಂಗವೂ, ಹಳದಿ ಕಣಗಿಲೆಯ ಬೀಜವೂ, ಉಮ್ಮತ್ತಿಯ ಬೀಜವೂ, ಮೇಲೆ ಹೇಳಿದ ಗೌರಿಹೂವಿನ ಗೆಡ್ಡೆಯೂ ವಿಷವೇ. ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಚರ್ಮರೋಗ ಬರುತ್ತದೆ. ಆದ್ದರಿಂದ ಅಪರಿಚಿತ ಗಿಡವನ್ನು ರುಚಿ ನೋಡಿ ಗುರುತಿಸುವ ಪ್ರಯತ್ನ ಸರ್ವಥಾ ಕೂಡದು. ಮುರಿದ ಮೇಲೆ ಕೈ ತೊಳೆಯಬೇಕು. ಮನೆಯಲ್ಲಿ ಎಳೆಯ ಮಕ್ಕಳಿದ್ದುದರಿಂದ ಗುಲಗಂಜಿಯ ಬಳ್ಳಿಯೊಂದನ್ನು ಮಾತ್ರ ವರ್ಷ ಕಾಯದೆ ಬೇರುಸಹಿತ ತೆಗೆಸಿದೆವು. ಮಾದರಿಯನ್ನು ಮೊದಲೇ ಒಣಗಿಸಿ ಇಟ್ಟಿದ್ದೆವು.

ಉಪಸಂಹಾರ

ವರ್ಷ ಕಳೆದ ಮೇಲೆ ಬಳ್ಳಾರಿ ಜಾಲಿ, ಲಂಟಾನ, ಪಾರ್ಥೇನಿಯಂಗಳನ್ನು ತೆಗೆಸಲಾಯಿತು. ಉಳಿದವುಗಳ ಪಟ್ಟಿಯನ್ನು ಕೊಂಡವರಿಗೆ ಒಪ್ಪಿಸಿದೆವು. ಅದರಲ್ಲಿ ಒಂದೊಂದು ಗಿಡಕ್ಕೂ ಸಂಖ್ಯೆ, ನಿಂತ ಸ್ಥಳ, ಕೇಳಿಬಂದ ಹೆಸರುಗಳು, ಹೂಕಾಯಿಗಳ ತಿಂಗಳು, ಶಾಸ್ತ್ರೀಯ ನಾಮ ಇಷ್ಟು ಅಂಕಣಗಳಿವೆ. ‘ಹೇಳಿದವರು’ ಎಂಬ ಇನ್ನೊಂದು ಅಂಕಣವನ್ನು ಬನ್ನಿಯ ಪ್ರಸಂಗವಾದ ಮೇಲೆ ಸೇರಿಸಿದೆವು; ಅದರ ಮೊದಲ ಸಾಲಿನಲ್ಲಿ ಆ ಹಿರಿಯ ಹೆಂಗಸಿನ ಹೆಸರಿದೆ. ರಾಜರ ಕಾಲದ ತೋಟವೆಂಬ ಮಾತಿಗೆ ಸಸ್ಯಗಳಲ್ಲಿ ಆಧಾರ ದೊರೆಯಲಿಲ್ಲವೆಂದು ಮನೆಯವರಿಗೆ ತಿಳಿಸಿದೆವು. ಅವರಿಗೆ ಅದರಿಂದ ಸ್ವಲ್ಪ ನಿರಾಶೆಯಾದದ್ದೂ ಉಂಟು. ಆದರೆ ನಾಲ್ಕು ಭಾಷೆಯ ಹೆಸರುಗಳನ್ನು ಹೊತ್ತ, ಮೂರು ಖಂಡಗಳ ಗಿಡಗಳು ಒಂದು ಬಾವಿಯ ನೀರಿನಲ್ಲಿ ಬೆಳೆದುದೂ ಚರಿತ್ರೆಯೇ ಆಗಿದೆ.

ಈ ಪ್ರಾಂತ್ಯದ ಪ್ರತಿಯೊಂದು ಕಾಲೇಜಿನ ಬಳಿಯೂ ಇಂಥ ಒಂದು ತೋಟವಾದರೂ ಇರಬಹುದು. ಹೆಸರುಗಳನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇತಿಹಾಸದ ಮತ್ತು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಜೊತೆಗೂಡಿ, ಒಂದು ನೋಟುಪುಸ್ತಕ ಮತ್ತು ಹಳೆಯ ವೃತ್ತಪತ್ರಿಕೆಗಳ ಕಟ್ಟನ್ನು ಹಿಡಿದು, ಒಂದು ವರ್ಷ ಈ ಕೆಲಸ ಮಾಡಿದರೆ ಸಾಕು. ಬಾವಿಯ ಬಳಿಯ ಬನ್ನಿಯಲ್ಲಿ ಕೊಡಲಿಯ ಎರಡು ಗಾಯಗಳು ಈಗಲೂ ಕಾಣುತ್ತವೆ. ಅವುಗಳ ಸುತ್ತ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತಿದೆ.